1600 ಮೀಟರ್ ಓಡಿದರೆ ಮೈಲಿ ಓಡಿದಂತೆಯೇ?

ಡಲ್ಲಾಸ್ ಕನ್ನಡಿಗ: ಮಗಳು ಇಲ್ಲಿನ ಹೈಸ್ಕೂಲ್ ಕೂಟದಲ್ಲಿ 1600 ಮೀಟರ್ ಓಟವನ್ನು 5 ನಿಮಿಷ 20 ಸೆಕೆಂಡಿಗೆ ಮುಗಿಸಿದಳು. ಅದೇ ವಾರ ಮೈಸೂರಿನಲ್ಲಿ ಅಣ್ಣನ ಮಗಳು 1500 ಮೀಟರನ್ನು ಸರಿಯಾಗಿ 5 ನಿಮಿಷಕ್ಕೆ ಓಡಿದ್ದಾಳೆ. ಯಾರು ಮುಂದೆ ಅಂತ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ವಾದ. ನೂರು ಮೀಟರಿಗೆ 20 ಸೆಕೆಂಡ್, ಇಬ್ಬರೂ ಸಮ ಅಂತ ನನ್ನ ಲೆಕ್ಕ. ಮಗಳು ಓಡಿದ್ದನ್ನು ಇಲ್ಲಿ ಎಲ್ಲರೂ ಮೈಲಿ ಅಂತಲೇ ಕರೀತಾರೆ.

ಗಜಕೋಲು: ಮೈಲಿ ಅನ್ನಬೇಡಿ ಸರ್. ಮೈಲಿ ಅಂದರೆ 1609.344 ಮೀಟರ್. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಮುಗಿದ ಮೇಲೂ 9.34 ಮೀಟರ್ ಬಾಕಿ ಇರುತ್ತದೆ. ಅದೇನು ಮಹಾ ಅನ್ನಬಹುದು. 1945ರಲ್ಲಿ ಸ್ವೀಡನ್ನಿನ ಗುಂಡರ್ ಹೆಗ್ 4:01.4ಕ್ಕೆ ಮೈಲಿ ಓಡಿದರು. ಆ ವೇಗದಲ್ಲಿ 9.34 ಮೀಟರಿಗೆ 1.4 ಸೆಕೆಂಡ್. ಅದನ್ನು ಕಳೆದರೆ ಅವರು ನಾಲ್ಕು ನಿಮಿಷದ ಹೊಸ್ತಿಲ ಮೇಲೇ ನಿಲ್ಲುತ್ತಾರೆ! ಆ ಹೊಸ್ತಿಲು ದಾಟಲು 1954ರ ಮೇ 6ರವರೆಗೆ ಕಾಯಬೇಕಾಯಿತು. ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ 3:59.4ಕ್ಕೆ ಮುಗಿಸಿದರು. ಒಂಬತ್ತು ವರ್ಷ ಅಡಗಿರುವುದು ಈ ಒಂಬತ್ತು ಮೀಟರಿನಲ್ಲೇ.

ಪಿಟಿ ಮೇಷ್ಟ್ರು: ಅದಕ್ಕಿಂತ ದೊಡ್ಡ ತಪ್ಪು ತ್ರೈರಾಶಿ ಹಾಕಿದ್ದು. ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ. ಹಿಶಾಮ್ ಎಲ್ ಗೆರೂಜ್ ರೋಮಿನಲ್ಲಿ 1998ರಲ್ಲಿ 1500 ಮೀಟರನ್ನು 3:26.00ಕ್ಕೆ ಓಡಿದರು. ತ್ರೈರಾಶಿ ಪ್ರಕಾರ ಅವರ ಮೈಲಿ 3:41.0 ಆಗಬೇಕು. ಮರುವರ್ಷ ಅದೇ ರೋಮಿನಲ್ಲಿ ವಿಶ್ವದಾಖಲೆ ಬರೆದಾಗ ಆದದ್ದು 3:43.13. ಅಂಥವರಿಗೇ ಎರಡು ಸೆಕೆಂಡ್ ಹೆಚ್ಚು ಬೇಕಾಯಿತು. ಅದಕ್ಕೇ ನಾವು 1500ರ ಸಮಯವನ್ನು 1.08ರಿಂದ ಗುಣಿಸಿ ಮೈಲಿಯ ಅಂದಾಜು ಮಾಡುವುದು. ಮೈಸೂರಿನ ಹುಡುಗಿಗೆ 5:24 ಬರುತ್ತದೆ. ನಿಮ್ಮ ಮಗಳಿಗೆ ಉಳಿದ ಒಂಬತ್ತು ಮೀಟರ್ ಸೇರಿಸಿದರೂ 5:22.

ಡಲ್ಲಾಸ್ ಕನ್ನಡಿಗ: ಹಾಗಾದರೆ ನಮ್ಮವಳೇ ಮುಂದೆ!

ಸಂಜೆ ಓಟ: ಅಷ್ಟು ಬೇಗ ತೀರ್ಪು ಬೇಡ. ದಾಖಲೆಯ ಓಟದಲ್ಲಿ ಮೊದಲಿಂದ ವೇಗ ಕಾಯ್ದುಕೊಡುವವರು ಇರುತ್ತಾರೆ. ಶಾಲಾ ಕೂಟದಲ್ಲಿ ಗೆದ್ದರೆ ಸಾಕು ಅಂತ ಮೂರು ಸುತ್ತು ನಿಧಾನವಾಗಿ ಬಂದು ಕೊನೆಗೆ ಜಿಗಿಯುವವರೇ ಹೆಚ್ಚು. ಎರಡು ಸೆಕೆಂಡಿನ ವ್ಯತ್ಯಾಸಕ್ಕೆ 1.08 ನಂಬಿ ಒಬ್ಬ ಹುಡುಗಿಯನ್ನು ಹಿಂದೆ ಹಾಕುವುದು ಅನ್ಯಾಯ.

ಗಜಕೋಲು: ಒಪ್ಪಿದೆ. ದೂರ ತೀರಾ ಹತ್ತಿರವಿದ್ದರೆ ಮಾತ್ರ ಲೆಕ್ಕ ನಂಬಬಹುದು. 1958ರಲ್ಲಿ ಕಾರ್ಡಿಫ್‌ನ ಕಾಮನ್‌ವೆಲ್ತ್ ಕೂಟದಲ್ಲಿ ಮಿಲ್ಖಾ ಸಿಂಗ್ ಚಿನ್ನ ಗೆದ್ದದ್ದು 440 ಗಜದಲ್ಲಿ, ಅಂದರೆ ಎರಡು ಫರ್ಲಾಂಗು, 46.6 ಸೆಕೆಂಡ್. 400 ಮೀಟರಿಗಿಂತ ಅದು 2.34 ಮೀಟರ್ ಮಾತ್ರ ಹೆಚ್ಚು. 0.3 ಕಳೆದು 46.3 ಅಂದರೆ ಯಾರೂ ತಕರಾರು ಮಾಡುವುದಿಲ್ಲ.

ಪಿಟಿ ಮೇಷ್ಟ್ರು: ಸರಿ, ನನ್ನ 5:24 ಅಂದಾಜೇ ಹೊರತು ತೀರ್ಪಲ್ಲ. ರಜೆಗೆ ಬಂದಾಗ ಇಬ್ಬರನ್ನೂ ಒಂದೇ ಟ್ರ್ಯಾಕಿನಲ್ಲಿ 1500 ಓಡಿಸಿ.

ಗಜಕೋಲು: 1500 ಯಾಕೆ, ಮೈಲಿಯನ್ನೇ ಓಡಿಸಿ ಮೇಷ್ಟ್ರೇ. 1976ರಲ್ಲಿ ಗಜದ ದಾಖಲೆಗಳನ್ನೆಲ್ಲ ಕೈಬಿಟ್ಟಾಗಲೂ ಅದೊಂದನ್ನು ಉಳಿಸಿಕೊಂಡರು. ಮುಕ್ತಾಯದ ಗೆರೆಯಿಂದ 9.34 ಮೀಟರ್ ಹಿಂದೆ ಸುಣ್ಣದಲ್ಲಿ ಇನ್ನೊಂದು ಗೆರೆ ಎಳೆದರಾಯಿತು.