ಸಹಾಯ ಬೇಕು: ‘ನೊಮ್ವೂಲ’ ಎಂಬ ಜುಲು ಹೆಸರಿಗೆ ಸರಿಯಾದ ಕನ್ನಡ ಅರ್ಥ

ಎಲ್ಲರಿಗೂ ನಮಸ್ಕಾರ. ಜುಲು ಹೆಸರುಗಳ ಕನ್ನಡ ಅರ್ಥಕೋಶಕ್ಕೆ ‘ನೊಮ್ವೂಲ’ ಸೇರಿಸುತ್ತಿದ್ದೇವೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಕಡೆ ಇರುವವರು ದಯವಿಟ್ಟು ಒಮ್ಮೆ ನೋಡಿ.

ಬಿಡಿಸಿದರೆ ‘ನೊ’ ಮತ್ತು ‘ಇಮ್ವುಲ’. ಇಮ್ವುಲ ಎಂದರೆ ಮಳೆ. ಹೆಸರಾಗುವಾಗ ಮೊದಲಿನ ‘ಇ’ ಬಿದ್ದುಹೋಗುತ್ತದೆ. ‘ನೊ’ ಹೆಣ್ಣುಮಕ್ಕಳ ಹೆಸರಿನ ಮುಂದೆ ಬರುವಂಥದ್ದು, ‘ತಾಯಿ’ ಎಂಬ ಅರ್ಥದ ನೆರಳು ಅದಕ್ಕಿದೆ. ಸಿಫೊ (ಉಡುಗೊರೆ) ಗಂಡು, ನೊಸಿಫೊ ಹೆಣ್ಣು, ಅದೇ ಲೆಕ್ಕ. ಇಲ್ಲಿ ಎಡವುವುದು ಸುಲಭ: ‘ವುಲ’ ಎಂಬ ಕ್ರಿಯಾಪದಕ್ಕೆ ‘ತೆರೆ’ ಎಂಬ ಅರ್ಥವಿದೆ. ಅದನ್ನು ಹಿಡಿದು ‘ಬಾಗಿಲು ತೆರೆಯುವವಳು’ ಎಂದು ಬರೆದರೆ ಪೂರ್ತಿ ತಪ್ಪು.

ಮಳೆ ಸುರಿಯುವಾಗ ಹುಟ್ಟಿದ ಹೆಣ್ಣುಮಗುವಿಗೆ ಈ ಹೆಸರಿಡುವ ರೂಢಿಯಿದೆ. ದನಕರು, ಮೆಕ್ಕೆಜೋಳ ನೆಚ್ಚಿದ ಊರುಗಳಲ್ಲಿ ಮಳೆಯೆಂದರೆ ಶುಭವೇ. ಜುಲು ನಂಬಿಕೆಯಲ್ಲಿ ಮಳೆ-ಬೆಳೆಯ ದೇವತೆ ನೊಮ್ಖುಬುಲ್ವಾನೆ. ಅವಳ ಹೆಸರೂ ‘ನೊ’ದಿಂದಲೇ ಶುರು.

ಉಚ್ಚಾರಣೆಯಲ್ಲಿ ಕೊನೆಯಿಂದ ಎರಡನೆಯ ಸ್ವರ ದೀರ್ಘ, ಅದಕ್ಕೇ ‘ವೂ’. ‘ಮ್’ ಮತ್ತು ‘ವ’ ನಡುವೆ ಸ್ವರ ನುಸುಳಬಾರದು. ಕೆಳದುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿಕೊಂಡೇ ‘ಮ್’ ಹೇಳಬೇಕು. ‘ನೋಮಾವುಲಾ’ ಎಂದರೆ ಹೆಸರೇ ಕೆಟ್ಟಿತು.

ಈಗ ಬೇಕಿರುವುದು ಎರಡು. ಜುಲು ಮನೆಮಾತಿನವರು ಈ ಹೆಸರು ಕರೆಯುವ ಚಿಕ್ಕ ಧ್ವನಿಮುದ್ರಣ, ಅವರ ಒಪ್ಪಿಗೆ ಪಡೆದು. ಇನ್ನೊಂದು, ಕನ್ನಡದ ಪದ: ‘ಮಳೆಯ ತಾಯಿ’ ಅಕ್ಷರಶಃ ಸರಿ, ಆದರೆ ಕೂಸಿನ ಹೆಸರಿಗೆ ಭಾರವಾಯಿತು. ‘ಮಳೆಯವ್ವ’ ಹೆಚ್ಚು ಒಪ್ಪುತ್ತದೆ ಅನ್ನಿಸುತ್ತಿದೆ. ನೀವೇನಂತೀರಿ?