ರಾಯರು ಸೈಡ್ ಇನ್‌ಕಮ್ ಹುಡುಕಿದ್ದು

ರಾಯರ ಮಗ ಕಾಲೇಜು ಸೇರೋ ಕಾಲ ಬಂತು ಅಂತ ನಮಗೆ ಗೊತ್ತಾಗಿದ್ದು ರಾಯರ ಫೋನಿನಿಂದ. ಅಲ್ಲಿವರೆಗೂ ಶುಭೋದಯದ ಹೂವು ಕಳಿಸುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ "ಮನೆಯಲ್ಲೇ ಕೂತು ಗಳಿಸಿ" ಅನ್ನೋ ಸಂದೇಶಗಳನ್ನು ಫಾರ್ವರ್ಡ್ ಮಾಡತೊಡಗಿದರು. ಸಂಜೆ ಹರಟೆಗೆ ಸೇರಿದಾಗ ಮೇಷ್ಟ್ರು, ಗೌಡ್ರು, ಪದ್ಮಕ್ಕ, ನಾನು ನಾಲ್ವರೂ ಅದನ್ನೇ ಕೆದಕಿದೆವು.

"ದಿನಕ್ಕೆ ಎರಡೇ ಗಂಟೆ ಸಾಕಂತೆ. ನಮಗೆ ಬಿಡುವಾದಾಗ ಮಾಡಬಹುದಂತೆ," ಅಂದರು ರಾಯರು.

"ನಿಮಗೆ ಬಿಡುವು ಯಾವಾಗ?" ಪದ್ಮಕ್ಕ ಕೇಳಿದರು.

ರಾಯರು ಯೋಚಿಸಿದರು. "ಈಗ."

"ಈಗ ಹರಟೆ ಹೊಡೀತಿದೀರಲ್ಲ."

"ಅದನ್ನೇ ಬಿಡಬೇಕಾಗುತ್ತಲ್ಲ ಅಂತ ಸಂಕಟ."

ಕೆಲಸ ಏನಪ್ಪಾ ಅಂದರೆ ವೀಡಿಯೊಗಳಿಗೆ ಲೈಕ್ ಒತ್ತೋದು. ನಿನ್ನೆ ಒತ್ತಿದ್ದಕ್ಕೆ ನಿಜವಾಗಿಯೂ ಖಾತೆಗೆ ದುಡ್ಡು ಬಿದ್ದಿತ್ತು. ರಾಯರ ಮುಖದಲ್ಲಿ ಲಾಟರಿ ಹೊಡೆದ ಕಳೆ. "ಇವತ್ತು ದೊಡ್ಡ ಟಾಸ್ಕಿಗೆ ಸೇರಿಸ್ತಾರೆ. ಅದಕ್ಕೆ ಸ್ವಲ್ಪ ಮುಂಗಡ ಕಟ್ಟಬೇಕು, ಅಷ್ಟೇ."

ಮೇಷ್ಟ್ರು ಗಣಿತ ಹೇಳಿ ನಿವೃತ್ತರಾದವರು. ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರು ಕೋಲು ತಗೊಳ್ಳೋ ಮೊದಲಿನ ಲಕ್ಷಣ.

"ಕೆಲಸ ಯಾರದು ರಾಯರೆ?"

"ಅವರದು."

"ಮಾಡೋರು?"

"ನಾನು."

"ದುಡ್ಡು ಕಟ್ಟೋರು?"

"...ನಾನೇ."

"ಹಾಗಾದ್ರೆ ಸಂಬಳ ಎಣಿಸ್ಕೊಳ್ಳೋರು ಯಾರು?"

ಗೌಡ್ರು ಬಿಡಿಸಿ ಹೇಳಿದರು. ಮೊದಲು ಚಿಲ್ಲರೆ ಕೊಟ್ಟು ನಂಬಿಸ್ತಾರೆ. ಆಮೇಲೆ ಮುಂಗಡ. ಅದನ್ನ ಕಟ್ಟಿದ ಮೇಲೆ ಫೋನಿನ ತೆರೆ ಮೇಲೆ ನಿಮಗೆ ಬರಬೇಕಾದ ದುಡ್ಡು ಏರ್ತಾ ಹೋಗುತ್ತೆ. ತೆಗೆಯೋಕೆ ಹೋದ್ರೆ "ಟ್ಯಾಕ್ಸ್ ಕಟ್ಟಿ", "ಖಾತೆ ಬಿಡಿಸೋಕೆ ಇಷ್ಟು ಕಟ್ಟಿ". ಅಲ್ಲಿ ಕಾಣೋದು ದುಡ್ಡಲ್ಲ, ಬರೀ ಅಂಕಿ. ಕೆಲಸ ಕೊಡೋನೇ ಕೈಯೊಡ್ಡಿದ ಅಂದ್ರೆ ಅಲ್ಲಿಂದ ಎದ್ದು ಬರಬೇಕು.

"ಅದು ಹೋಗಲಿ ಬಿಡಿ," ರಾಯರು ಸೋಲುವವರಲ್ಲ. "ಇನ್ನೊಂದಿದೆ. ಆರೇ ಜನರನ್ನ ಸೇರಿಸಬೇಕು. ಅವರು ತಲಾ ಆರು ಜನರನ್ನ ಸೇರಿಸ್ತಾರೆ. ಆಮೇಲೆ ನಾನು ಮಲಗಿದ್ರೂ ದುಡ್ಡು ಬರುತ್ತೆ."

ಇದಕ್ಕೇ ಕಾಯ್ತಿದ್ದವರ ಹಾಗೆ ಮೇಷ್ಟ್ರು ಫೋನಿನ ಕ್ಯಾಲ್ಕುಲೇಟರ್ ತೆಗೆದರು. ಆರು, ಮೂವತ್ತಾರು, ಇನ್ನೂರ ಹದಿನಾರು ಅಂತ ಗುಣಿಸುತ್ತಾ ಹೋದರು. ಐದನೇ ಮೆಟ್ಟಿಲಿಗೆ 7,776 ಜನ. ಹತ್ತನೇದಕ್ಕೆ ಆರು ಕೋಟಿ ದಾಟಿತು. ಹದಿಮೂರನೇದಕ್ಕೆ 1,306 ಕೋಟಿ!

"ಭೂಮಿ ಮೇಲಿರೋದೇ 800 ಕೋಟಿ ಚಿಲ್ಲರೆ, ತೊಟ್ಟಿಲಲ್ಲಿರೋ ಕೂಸುಗಳನ್ನೂ ಸೇರಿಸಿ. ಉಳಿದವರನ್ನ ಎಲ್ಲಿಂದ ತರ್ತೀರಿ, ಚಂದ್ರಲೋಕದಿಂದಲೇ?"

"ನಾನು ಅಷ್ಟು ಕೆಳಗೆ ಇರಲ್ಲ ಮೇಷ್ಟ್ರೆ."

"ನಿಮ್ಮನ್ನ ಸೇರಿಸ್ತಿರೋದು ಯಾರು?"

"ನನ್ನ ಭಾವಮೈದ. ಅವನ ಆಫೀಸಲ್ಲಿ ಎಲ್ಲರೂ ಸೇರಾಯ್ತಂತೆ, ಇನ್ಯಾರೂ ಉಳಿದಿಲ್ವಂತೆ."

ಯಾರೂ ಮಾತಾಡಲಿಲ್ಲ. ರಾಯರು ತಾವೇ ಹೇಳಿದ್ದನ್ನು ತಾವೇ ಇನ್ನೊಮ್ಮೆ ಕೇಳಿಸಿಕೊಂಡರು ಅಂತ ಕಾಣುತ್ತೆ, ಫೋನನ್ನು ಜೇಬಿಗಿಳಿಸಿದರು.

ಮೇಷ್ಟ್ರು ಅಷ್ಟಕ್ಕೇ ಬಿಡುವವರಲ್ಲ. 1920ರಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಅನ್ನೋನು 45 ದಿನಕ್ಕೆ ಶೇಕಡ 50 ಲಾಭ ಕೊಡ್ತೀನಿ ಅಂದ. ಅಂಚೆಯ ರಿಪ್ಲೈ ಕೂಪನ್ನುಗಳನ್ನ ಒಂದು ದೇಶದಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದು ಕಡೆ ಹೆಚ್ಚು ಬೆಲೆಯ ಅಂಚೆಚೀಟಿಗೆ ಬದಲಾಯಿಸ್ತೀನಿ ಅಂತ ಕಥೆ. ಮೊದಲು ಬಂದವರಿಗೆ ಕೊಟ್ಟ ಕೂಡ. ಆಮೇಲೆ ಬಂದವರ ದುಡ್ಡಲ್ಲೇ ಕೊಟ್ಟ. ಆ ವರ್ಷದ ಆಗಸ್ಟ್ ಹೊತ್ತಿಗೆ ಅವನ ಕೈಗೆ ಕೋಳ. "ನಿಮ್ಮ ಭಾವಮೈದನಿಗೂ ಈ ಕಥೆ ಹೇಳಿ," ಅಂತ ಮುಗಿಸಿದರು.

ಗೌಡ್ರದ್ದು ಬೇರೆ ದಾರಿ. ಮಗಳ ಫೀಸಿಗಂತ ರಜಾ ದಿನಗಳಲ್ಲಿ ತಮ್ಮ ಕಾರನ್ನೇ ಬಾಡಿಗೆಗೆ ಓಡಿಸುತ್ತಿದ್ದರು. ರಾಯರಿಗೆ ಅದರ ಮೇಲೂ ಕಣ್ಣು.

"ಕೈಗೆ ಬಂದಿದ್ದೆಲ್ಲ ಲಾಭ ಅಲ್ಲ ರಾಯರೆ," ಗೌಡ್ರು ಬೆರಳು ಮಡಚಿದರು. "ಮೊದಲು ಆ್ಯಪಿನೋರ ಕಮಿಷನ್. ಆಮೇಲೆ ಇಂಧನ. ಗಿರಾಕಿಯನ್ನ ಬಿಟ್ಟು ಖಾಲಿ ವಾಪಸ್ ಬರ್ತೀವಲ್ಲ, ಆ ದೂರಕ್ಕೆ ಯಾರು ಕೊಡ್ತಾರೆ? ಇವೆಲ್ಲ ಅವತ್ತೇ ಕಾಣುತ್ತೆ. ಟೈರು ಸವೆಯೋದು, ಕಾರಿನ ಬೆಲೆ ಇಳಿಯೋದು ಕಾಣಲ್ಲ. ನಾಲ್ಕೂ ಟೈರು ಒಟ್ಟಿಗೆ ಹಾಕಿಸಿದ ದಿನ ಹಿಂದಿನ ದುಡಿಮೆಯೆಲ್ಲ ಮೆಕ್ಯಾನಿಕ್ ಜೇಬಿಗೆ ಹೋಯ್ತು. ಇನ್ನೊಂದು ಮಾತು, ಸ್ವಂತಕ್ಕೆ ಅಂತ ಮಾಡಿಸಿದ ಇನ್ಶೂರೆನ್ಸು ಬಾಡಿಗೆ ಓಡಿಸುವಾಗ ಸಾಮಾನ್ಯವಾಗಿ ಕೆಲಸಕ್ಕೆ ಬರಲ್ಲ. ಪಾಲಿಸಿ ಓದಿ ನೋಡಿ, ಸಣ್ಣಕ್ಷರದಲ್ಲಿರುತ್ತೆ."

"ಅಷ್ಟು ಸಣ್ಣಕ್ಷರ ನನಗೆ ಕಾಣಲ್ಲ."

"ಕಾಣಬಾರದು ಅಂತಲೇ ಅಷ್ಟು ಸಣ್ಣಗೆ ಹಾಕೋದು."

ಹಾಗಾಗಿ ರಾಯರು ಯೂಟ್ಯೂಬಿಗೆ ಬಂದರು. ಬಂದೇ ಬರುತ್ತಾರೆ ಅಂತ ನಮಗೆಲ್ಲ ಗೊತ್ತಿತ್ತು. ಚಾನೆಲ್ ಆಗಲೇ ಶುರುವಾಗಿತ್ತು. ಮೂರು ನಿಮಿಷದ ವೀಡಿಯೊಗಳು, ವಿಷಯ ಜೀವನಾನುಭವ. ನಲವತ್ತು ಜನ ಚಂದಾದಾರರು, ಅದರಲ್ಲಿ ಮೂವತ್ತೊಂಬತ್ತು ಜನ ನೆಂಟರು.

"ಆ ಇನ್ನೊಬ್ಬರು?"

"ಅವರು ಅಪ್ಪಿತಪ್ಪಿ ಒತ್ತಿರಬೇಕು."

ನಿಯಮ ಏನು ಅಂತ ಮೇಷ್ಟ್ರಿಗೆ ಗೊತ್ತಿತ್ತು. ಜಾಹೀರಾತಿನ ಪಾಲು ಬೇಕು ಅಂದ್ರೆ 1,000 ಚಂದಾದಾರರು, ಜೊತೆಗೆ ಹನ್ನೆರಡು ತಿಂಗಳೊಳಗೆ 4,000 ಗಂಟೆ ಜನ ನೋಡಿರಬೇಕು. (ಶಾರ್ಟ್ಸ್ ದಾರಿ ಹಿಡಿದರೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಅದನ್ನು ಕೇಳಿ ರಾಯರು ಗಂಟೆಯ ಲೆಕ್ಕವೇ ವಾಸಿ ಅಂದರು.) 4,000 ಗಂಟೆ ಅಂದರೆ 2,40,000 ನಿಮಿಷ. ಮೂರು ನಿಮಿಷದ ವೀಡಿಯೊನ ಮೊದಲಿಂದ ಕೊನೇವರೆಗೆ 80,000 ಸಲ ನೋಡಬೇಕು.

"ನಾನೂ ನಮ್ಮನೆಯವಳೂ ಕೂತು ನೋಡಿದ್ರೆ?"

"ಒಬ್ಬರೇ ಕೂತ್ರೆ ಹಗಲೂ ರಾತ್ರಿ ಕಣ್ಣು ಮುಚ್ಚದೆ 167 ದಿನ. ಇಬ್ಬರಾದ್ರೆ 84. ಆದ್ರೆ ನಿಮ್ಮ ಜೀವನಾನುಭವವನ್ನ ನಿಮ್ಮ ಮನೆಯವರು ಆಗಲೇ ಸಾಕಷ್ಟು ಕೇಳಿರ್ತಾರೆ. ಸುಳ್ಳು ವೀಕ್ಷಣೆ ಅಂತ ಗೊತ್ತಾದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಲ್ಲ."

ಇಷ್ಟು ಹೊತ್ತೂ ಪದ್ಮಕ್ಕ ನಗುತ್ತಾ ಕೂತಿದ್ದರು. ನಮ್ಮಲ್ಲಿ ನಿಜವಾಗಿ ಎರಡನೇ ಆದಾಯದಲ್ಲಿ ಮಗನನ್ನ ಓದಿಸಿದವರು ಅವರೊಬ್ಬರೇ. ಮಾಡಿದ್ದೇನು? ಮಕ್ಕಳಿಗೆ ಸಂಜೆ ಲೆಕ್ಕದ ಪಾಠ. ಹೊಸ ವಿದ್ಯೆ ಕಲಿಯಲಿಲ್ಲ, ಹೊಸ ಯಂತ್ರ ಕೊಳ್ಳಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಪುಟಕ್ಕೆ ಮೂರು ಅಂಕಣ: ಬಂದದ್ದು, ಹೋದದ್ದು, ಗಂಟೆ. ಗಂಟೆಯ ಅಂಕಣದಲ್ಲಿ ಪಾಠ ಹೇಳಿದ್ದಷ್ಟೇ ಅಲ್ಲ, ಉತ್ತರ ತಿದ್ದಿದ್ದು, ನಾಳೆಯ ಪಾಠಕ್ಕೆ ತಯಾರಾದದ್ದು, ಫೀಸು ಕೇಳೋಕೆ ಪೋಷಕರಿಗೆ ಫೋನ್ ಮಾಡಿದ್ದು, ಎಲ್ಲ ಇತ್ತು.

"ಮೊದಲ ತಿಂಗಳು ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳ್ತಿದ್ದೆ," ಅಂದರು. "ಬಂದದ್ದರಲ್ಲಿ ಹೋದದ್ದನ್ನ ಕಳೆದು, ಉಳಿದದ್ದನ್ನ ಗಂಟೆಯಿಂದ ಭಾಗಿಸಿ ನೋಡಿದೆ. ಬೇಜಾರಾಯ್ತು. ಆಮೇಲೆ ನಾಲ್ಕು ಮಕ್ಕಳನ್ನ ಒಟ್ಟಿಗೆ ಕೂರಿಸಿದೆ. ತಯಾರಿ ಒಂದೇ ಸಲ. ಪ್ರತಿಯೊಬ್ಬರಿಗೂ ಫೀಸು ಕಮ್ಮಿ ಆಯ್ತು, ನನಗೆ ಗಂಟೆಗೆ ಸಿಗೋದು ಜಾಸ್ತಿ ಆಯ್ತು. ಫೀಸು ತಿಂಗಳ ಮೊದಲ ವಾರದಲ್ಲೇ ತಗೋತೀನಿ. ಕೊನೇಲಿ ಕೇಳಿದ್ರೆ, 'ಅವನು ನಾಲ್ಕು ದಿನ ಬಂದಿಲ್ವಲ್ಲ ಟೀಚರ್' ಅಂತ ಮುರ್ಕೋತಾರೆ."

"ಯಾವ ಹೊತ್ತಿಗೆ ಬೇಕಾದ್ರೂ ಮಾಡೋಕಾಗುತ್ತಾ?" ರಾಯರ ಆಸೆ ಇನ್ನೂ ಬತ್ತಿರಲಿಲ್ಲ.

"ಎಲ್ಲಿ ಬಂತು? ಪರೀಕ್ಷೆ ಬಂದಾಗ ನನ್ನ ಮಗನಿಗೂ ಪರೀಕ್ಷೆ, ಅವರಿಗೂ ಪರೀಕ್ಷೆ. ಅವನಿಗೆ ಹೇಳ್ಕೊಡೋಕೆ ಪುರುಸೊತ್ತಿಲ್ಲ, ಅವನ ಫೀಸಿಗೋಸ್ಕರ ಇನ್ನೊಬ್ಬರ ಮಕ್ಕಳಿಗೆ ಹೇಳ್ಕೊಡ್ತಿದ್ದೆ. ಅವನು ಒಂದು ದಿನ ನಾಲ್ಕು ಮಕ್ಕಳ ಪಕ್ಕ ಐದನೇಯವನಾಗಿ ಬಂದು ಕೂತ. 'ಫೀಸು ಅಪ್ಪ ಕೊಡ್ತಾರೆ' ಅಂದ."

ನಕ್ಕು ಸಾಕಾದ ಮೇಲೆ ಪದ್ಮಕ್ಕ ಹೇಳಿದ ಇನ್ನೊಂದು ಮಾತು ನನಗಂತೂ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸಿತು. ಅವರ ನೋಟ್‌ಬುಕ್ಕಿನಲ್ಲಿ ಗಂಟೆಗೆ ಅತಿ ಹೆಚ್ಚು ದುಡ್ಡು ತಂದ ಕೆಲಸ ಪಾಠವಲ್ಲ, ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದು. ಒಂದು ಭಾನುವಾರ ಕೂತು ಅಮ್ಮ ಮಗ ತುಂಬಿದರು. ಒಂದು ತಿರಸ್ಕೃತವಾಯಿತು, ಒಂದು ಸಿಕ್ಕಿತು. ಸಂಬಳದ ಮೇಲೆ ಸೈಡ್ ಇನ್‌ಕಮ್ ಸೇರಿದರೆ ಸರ್ಕಾರ ತನ್ನ ಪಾಲು ಕೇಳುತ್ತೆ, ಅದೂ ನಿಮ್ಮ ಆದಾಯ ಮುಟ್ಟಿದ ಮೇಲಿನ ಹಂತದ ದರದಲ್ಲಿ. ವಿದ್ಯಾರ್ಥಿವೇತನದಿಂದ ಉಳಿತಾಯವಾದ ಫೀಸಿಗೆ ಯಾರೂ ತೆರಿಗೆ ಹಾಕಲ್ಲ.

ಮೇಷ್ಟ್ರಿಗೆ ರಾಯರ ಚಿಕ್ಕ ಮಗಳ ನೆನಪಾಯಿತು. ಅವಳಿನ್ನೂ ಮೂರನೇ ತರಗತಿ. "72ನ್ನ ಬಡ್ಡಿ ದರದಿಂದ ಭಾಗಿಸಿ. ಶೇಕಡ 8 ಆದ್ರೆ ಒಂಬತ್ತು ವರ್ಷಕ್ಕೆ ದುಡ್ಡು ದುಪ್ಪಟ್ಟು. ಅವಳು ಕಾಲೇಜು ಸೇರೋ ಹೊತ್ತಿಗೆ ಸರಿಯಾಗಿ."

ರಾಯರು ಅರಳಿದರು. "ಫೀಸು?"

"ಅದೂ ಶೇಕಡ 8ರಂತೆ ಏರಿದ್ರೆ ಅದೂ ದುಪ್ಪಟ್ಟು."

"ಮತ್ತೆ ಇಟ್ಟು ಏನು ಬಂತು?"

"ಇಡದಿದ್ರೆ ಫೀಸು ಮಾತ್ರ ದುಪ್ಪಟ್ಟಾಗುತ್ತೆ."

ರಾಯರು ಉಸಿರು ಬಿಟ್ಟರು. "ಆಯ್ತು, ಯೂಟ್ಯೂಬ್ ಮಾತ್ರ ಇಟ್ಕೋತೀನಿ. ಅದಕ್ಕೇನು ಖರ್ಚಿಲ್ವಲ್ಲ. ಎಡಿಟಿಂಗ್ ಮಗನೇ ಮಾಡ್ಕೊಡ್ತಾನೆ."

"ಬಿಟ್ಟಿ?" ಗೌಡ್ರಿಗೆ ಅನುಮಾನ.

"ಬಿಟ್ಟಿ ಅಲ್ಲ. ವೀಡಿಯೊಗೆ ಇಷ್ಟು ಅಂತ ಮೊದಲೇ ತಗೋತಾನೆ. ತಿದ್ದು ಅಂದ್ರೆ ಅದಕ್ಕೆ ಬೇರೆ. ರಾತ್ರಿ ಹತ್ತರ ಮೇಲೆ ಹೇಳಿದ್ರೆ ಒಂದೂವರೆ ಪಟ್ಟು."

ಪದ್ಮಕ್ಕ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. "ರಾಯರೆ, ನಿಮ್ಮ ಮನೇಲಿ ಸೈಡ್ ಇನ್‌ಕಮ್ ಆಗಲೇ ಶುರುವಾಗಿದೆ. ಖರ್ಚಿನ ಅಂಕಣದಲ್ಲಿ ನೀವಿದೀರಿ, ಅಷ್ಟೇ."

"ಹಾಗಾದ್ರೆ ಕಾಲೇಜು ಫೀಸು ಅವನೇ ಕಟ್ಕೊಳ್ಳಲಿ ಬಿಡಿ!"

"ಕೇಳಿ ನೋಡಿ," ಅಂದರು ಗೌಡ್ರು, "ಆದ್ರೆ ಹತ್ತು ಗಂಟೆ ಒಳಗೆ ಕೇಳಿ."