ಎಂ.ಎಸ್ಸಿ. ನರ್ಸಿಂಗ್ ಆದಮೇಲೂ ಮತ್ತೆ ಎರಡು ವರ್ಷವೇ?

ಬೆಣ್ಣೆನಗರಿ ಸಿಸ್ಟರ್: ದಾವಣಗೆರೆಯಲ್ಲಿ ಎಂ.ಎಸ್ಸಿ. ನರ್ಸಿಂಗ್ ಮುಗಿಸಿ ಟ್ಯೂಟರ್ ಆಗಿದ್ದೇನೆ. ನನ್ನ ವಿಷಯ ಮೆಡಿಕಲ್ ಸರ್ಜಿಕಲ್. ಈಗ ಐಸಿಯು ನರ್ಸ್ ಪ್ರಾಕ್ಟೀಷನರ್, ಅಂದರೆ ಹೆಚ್ಚಿನ ತರಬೇತಿ ಪಡೆದು ಹೆಚ್ಚಿನ ಜವಾಬ್ದಾರಿ ಹೊರುವ ನರ್ಸ್, ಆಗುವ ಆಸೆ. ಅದಕ್ಕೆ ಎನ್‌ಪಿಸಿಸಿ (ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್) ಅಂತ ಎರಡು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಕಲಿಯುವ ಕೋರ್ಸ್, ಇದೆ. ಆದರೆ ಅದು ಬಿ.ಎಸ್ಸಿ. ಆದವರಿಗಾಗಿ ಮಾಡಿದ್ದು. ನಾವೂ ಮೊದಲಿಂದ ಶುರು ಮಾಡಬೇಕು. ಅಮೆರಿಕದಲ್ಲಿ ಮಾಸ್ಟರ್ಸ್ ಆದ ನರ್ಸ್‌ಗಳಿಗೆ ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಇದೆ. ಹಳೆಯ ಅಂಕಪಟ್ಟಿ ನೋಡಿ, ಕಲಿಯದೆ ಉಳಿದದ್ದನ್ನು ಮಾತ್ರ ಓದಿಸುತ್ತಾರೆ. ನಮ್ಮಲ್ಲೂ ಅಂಥದ್ದು ಬೇಕು, ಅಲ್ವಾ?

ಐಸಿಯು ಬ್ರದರ್: "ಕಲಿಯದೆ ಉಳಿದದ್ದು" ಅಂದಿರಲ್ಲ, ಎಂ.ಎಸ್ಸಿ.ಯಲ್ಲಿ ಕಲಿಯದೆ ಉಳಿಯುವುದೇ ವಾರ್ಡ್ ಕೆಲಸ. ಥೀಸಿಸ್, ಸೆಮಿನಾರ್, ಟೀಚಿಂಗ್ ಪ್ರಾಕ್ಟೀಸ್‌ನಲ್ಲೇ ಕಾಲ ಹೋಗುತ್ತದೆ. ನಾನು ನೋಡಿದ ಎಂ.ಎಸ್ಸಿ.ಯವರಲ್ಲಿ ಅರ್ಧ ಜನಕ್ಕೆ ರಕ್ತನಾಳಕ್ಕೆ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕುವಾಗ ಕೈ ನಡುಗುತ್ತದೆ. ಎನ್‌ಪಿಸಿಸಿಯಲ್ಲಿ ನೂರಕ್ಕೆ 80 ಭಾಗ ಕ್ಲಿನಿಕಲ್ (ರೋಗಿಗಳ ಬಳಿಯ ಕೆಲಸ), 20 ಭಾಗ ಥಿಯರಿ. ಎರಡು ವರ್ಷ ಸುಮ್ನೆ ಇಟ್ಟಿಲ್ಲ.

ಪಾಠದ ಮೇಡಂ: ಕೈ ನಡುಗುತ್ತದಾ? ನಿಮಗೆ ಕ್ಯಾನುಲಾ ಹಿಡಿಯೋದು ಹೇಳಿಕೊಟ್ಟವರು ಯಾರು ಬ್ರದರ್?

ಐಸಿಯು ಬ್ರದರ್: ನೈಟ್ ಡ್ಯೂಟಿಯ ಸೀನಿಯರ್ ಸಿಸ್ಟರ್. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಓದಿದವರು. ಕಾಲೇಜಿನಲ್ಲಿ ಗೊಂಬೆ ಕೈ ಮೇಲೆ ಒಂದು ಸಲ ತೋರಿಸಿದ್ದರು, ಅಷ್ಟೇ.

ಪಾಠದ ಮೇಡಂ: ಬ್ಯಾಚಿಗೆ 60 ಮಕ್ಕಳು, ಗೊಂಬೆ ಒಂದು. ಅದೂ ಟೀಚರ್ ತಪ್ಪೇ? ನಾವು ಮಕ್ಕಳನ್ನು ವಾರ್ಡಿಗೆ ಕರೆತಂದರೆ, ಬೆಡ್‌ಶೀಟ್ ಹಾಸಲು, ಬಿಪಿ ನೋಡಲು ಬಿಟ್ಟು, ಪ್ರೊಸೀಜರ್ ಬಂದಾಗ ಪಕ್ಕಕ್ಕೆ ನಿಲ್ಲಿಸುವವರು ನಿಮ್ಮಂಥ ಸ್ಟಾಫೇ.

ಐಸಿಯು ಬ್ರದರ್: ರೋಗಿ ಜೀವ ಹೋಗುತ್ತಿರುವಾಗ ಪಾಠ ಮಾಡಲೇ? ಒಬ್ಬರೇ ಎಷ್ಟು ಬೆಡ್ ನೋಡುತ್ತೇವೆ ಅಂತ ಒಂದು ರಾತ್ರಿ ಬಂದು ನೋಡಿ.

ದುರ್ಗದ ಸಿಎಚ್‌ಒ: ಕ್ಯಾನುಲಾ ಬಿಡಿ. ಕೋರ್ಸ್ ಮುಗಿಸಿದರೆ ಹುದ್ದೆ ಎಲ್ಲಿದೆ? ನಾನು ಬಿ.ಎಸ್ಸಿ. ಮೇಲೆ ಆರು ತಿಂಗಳ ಸರ್ಟಿಫಿಕೇಟ್ ಮಾಡಿ ಚಳ್ಳಕೆರೆ ಕಡೆ ಆರೋಗ್ಯ ಉಪಕೇಂದ್ರದಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಆಗಿದ್ದೇನೆ. ಗುತ್ತಿಗೆ ಕೆಲಸವೇ, ಆದರೆ ಹುದ್ದೆ ಅಂತ ಇದೆ. ಬಿಪಿ, ಶುಗರ್‌ನವರಿಗೆ ಡಾಕ್ಟರ್ ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುತ್ತೇನೆ.

ಪಿಜಿ ಡಾಕ್ಟರ್: "ಮಾತ್ರೆ ಕೊಡುತ್ತೇನೆ", ನನಗೆ ಭಯ ಇರುವುದೇ ಇದಕ್ಕೆ. ಇಂದು ಕೊಡುವವರು ನಾಳೆ ಬರೆಯಲು ಹೊರಡುತ್ತಾರೆ. ಹೆಚ್ಚುಕಮ್ಮಿ ಆದರೆ ರೋಗಿ ಕಡೆಯವರು ನಮ್ಮ ಕೊರಳಪಟ್ಟಿ ಹಿಡಿಯುತ್ತಾರೆ.

ದುರ್ಗದ ಸಿಎಚ್‌ಒ: ಡಾಕ್ಟರ್ ಬರೆದದ್ದು ಅಂತ ಹೇಳಿದ್ದೇನೆ ಸರ್. ಅದನ್ನು ಯಾಕೆ ಬಿಟ್ಟಿರಿ?

ಬೆಣ್ಣೆನಗರಿ ಸಿಸ್ಟರ್: ಎನ್‌ಪಿಸಿಸಿ ಆದವರೂ ಆಸ್ಪತ್ರೆಯ ಪ್ರೊಟೊಕಾಲ್ ಒಳಗೇ ಕೆಲಸ ಮಾಡುವುದು. ಇನ್ನು ಅಮೆರಿಕದ್ದು ಸುಲಭದ ದಾರಿ ಅಂದುಕೊಳ್ಳಬೇಡಿ. ಮುಂದುವರಿದ ಫಾರ್ಮಕಾಲಜಿ (ಔಷಧಿಗಳ ಪಾಠ), ಪ್ಯಾಥೋಫಿಸಿಯಾಲಜಿ (ರೋಗದಿಂದ ದೇಹದಲ್ಲಾಗುವ ಬದಲಾವಣೆಗಳ ಪಾಠ), ದೈಹಿಕ ತಪಾಸಣೆ, ಈ ಮೂರು ಇರಲೇಬೇಕು. ಕ್ಲಿನಿಕಲ್ ಮೊದಲು ಕನಿಷ್ಠ 500 ಗಂಟೆ ಇತ್ತು. 2022ರ ಮಾನದಂಡದಲ್ಲಿ 750 ಮಾಡಿದರು. ಆಮೇಲೆ ಆ ಸ್ಪೆಷಾಲಿಟಿಯ ರಾಷ್ಟ್ರಮಟ್ಟದ ಪರೀಕ್ಷೆ ಬೇರೆ.

ಐಸಿಯು ಬ್ರದರ್: 750 ಗಂಟೆ! ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ತಿಂಗಳ ಡ್ಯೂಟಿಯೂ ಆಗಲ್ಲ. ಅಷ್ಟಕ್ಕೆ ವೆಂಟಿಲೇಟರ್ ಸೆಟ್ಟಿಂಗ್ ಬದಲಿಸುತ್ತೀರಾ?

ಪಾಠದ ಮೇಡಂ: ಆರು ತಿಂಗಳು ಓದಿ ಹಳ್ಳಿ ನೋಡಿಕೊಳ್ಳುವವರಿಗೆ ನೀವು ಏನೂ ಅನ್ನಲಿಲ್ಲ. ಎಂ.ಎಸ್ಸಿ. ಅಂದರೆ ಮಾತ್ರ ಉರಿ.

ದುರ್ಗದ ಸಿಎಚ್‌ಒ: ನನ್ನನ್ನು ಎಳೆಯಬೇಡಿ ಮೇಡಂ. ನಾನು ವೆಂಟಿಲೇಟರ್ ಮುಟ್ಟುತ್ತೇನೆ ಅಂದಿಲ್ಲ. ಹಳ್ಳಿ ಅಂದರೆ ಅಷ್ಟು ಅಗ್ಗವೇ?

ಹರಿಹರದ ಓದುಗ: 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬದಲಿಗೆ 2023ರಲ್ಲಿ ಹೊಸ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಸಿಸ್ಟರ್ ಹೇಳಿದಂಥ, ಉಳಿದದ್ದನ್ನಷ್ಟೇ ಕಲಿಸುವ ಬ್ರಿಡ್ಜ್ ಕೋರ್ಸ್ ಕೇಳಲು ಇದೇ ಸಮಯ. ಒಟ್ಟಿಗೆ ಮನವಿ ಬರೆಯಿರಿ.

ಐಸಿಯು ಬ್ರದರ್: ಮನವಿ ಬರೆಯುವ ಮೊದಲು ಒಂದು ಮಾತು. ಎನ್‌ಪಿಸಿಸಿಗೆ ಸೇರಲು ಕನಿಷ್ಠ ಒಂದು ವರ್ಷ ಕ್ಲಿನಿಕಲ್ ಅನುಭವ ಕೇಳುತ್ತಾರೆ, ಅದೂ ಕ್ರಿಟಿಕಲ್ ಕೇರ್‌ನಲ್ಲಿದ್ದರೆ ಒಳ್ಳೆಯದು ಅನ್ನುತ್ತಾರೆ. ಟ್ಯೂಟರ್‌ಗಳಿಗೆ ಅದು ಇದೆಯಾ?

ಬೆಣ್ಣೆನಗರಿ ಸಿಸ್ಟರ್: ನನಗಿದೆ. ಎಂ.ಎಸ್ಸಿ.ಗೆ ಮೊದಲು ಐಸಿಯುನಲ್ಲೇ ಇದ್ದೆ. ಆ ಅನುಭವವನ್ನೂ ಪದವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ, ಕ್ಲಿನಿಕಲ್ ಅನ್ನು ಪೂರ್ತಿ ಮಾಡಿಸಿ. ರಿಸರ್ಚ್, ಸ್ಟ್ಯಾಟಿಸ್ಟಿಕ್ಸ್ ಮತ್ತೆ ಯಾಕೆ ಓದಬೇಕು?

ಪಾಠದ ಮೇಡಂ: ಅದಕ್ಕೆ ಉತ್ತರ ಕೊಡಿ ಬ್ರದರ್. ಕೈ ನಡುಗುತ್ತದೆ ಅಂದದ್ದನ್ನೂ ವಾಪಸ್ ತಗೊಳ್ಳಿ.

ಐಸಿಯು ಬ್ರದರ್: ಅರ್ಧ ಜನ ಅಂದಿದ್ದೆ. ಎಲ್ಲರೂ ಅಂದಿಲ್ಲ.